ರಾಣಿ ವಿನಿಮಯದ ನಿರ್ಣಯ ಮತ್ತು ಚದುರಂಗ ತಂತ್ರಾಂಶಗಳ ಪರೀಕ್ಷೆ

ಗಣಕಯಂತ್ರವು ಮನುಷ್ಯನಿಗೆ ಸರಿಸಮನಾಗಿ ಚದುರಂಗ ಆಡಬಲ್ಲುದೇ ಎಂಬ ಚರ್ಚೆ 1997ರಲ್ಲಿ ಬಹುಮಟ್ಟಿಗೆ ಮುಗಿಯಿತು. ಆ ವರ್ಷದ ಮೇ ತಿಂಗಳಿನಲ್ಲಿ ನ್ಯೂಯಾರ್ಕ್ ನಗರದಲ್ಲಿ ನಡೆದ ಆರು ಆಟಗಳ ಪಂದ್ಯದಲ್ಲಿ ಐಬಿಎಂ ಸಂಸ್ಥೆಯ ಡೀಪ್ ಬ್ಲೂ ಯಂತ್ರವು ಅಂದಿನ ವಿಶ್ವವಿಜೇತ ಗ್ಯಾರಿ ಕ್ಯಾಸ್ಪರೋವ್ ಅವರನ್ನು 3.5–2.5 ಅಂಕಗಳಿಂದ ಸೋಲಿಸಿತು. ಆದರೆ ಯಂತ್ರವು ಗೆಲ್ಲುತ್ತದೆ ಎಂಬುದು ಒಂದು ಮಾತು. ಅದು ನೀಡುವ ಒಂದೊಂದು ತೀರ್ಪೂ ನಂಬಲರ್ಹವೇ ಎಂಬುದು ಬೇರೆಯೇ ಮಾತು. ಇಂದು ವೃತ್ತಿಪರ ಆಟಗಾರರಿಂದ ಹಿಡಿದು ಶಾಲಾ ಮಕ್ಕಳವರೆಗೆ ಎಲ್ಲರೂ ಆಟ ಮುಗಿದ ಕೂಡಲೇ ತೆರೆಯ ಮೇಲಿನ ಸಂಖ್ಯೆಯನ್ನು ನೋಡಿ ತಮ್ಮ ನಡೆ ಸರಿಯೋ ತಪ್ಪೋ ಎಂದು ತಿಳಿಯುತ್ತಾರೆ. ಆ ಸಂಖ್ಯೆಯನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬುದನ್ನು ಅರಿಯಬೇಕಾದರೆ ತಂತ್ರಾಂಶವನ್ನೇ ಪರೀಕ್ಷೆಗೆ ಒಡ್ಡಬೇಕು. ಅಂತಹ ಪರೀಕ್ಷೆಗೆ ಅತ್ಯಂತ ತಕ್ಕ ಪ್ರಶ್ನೆಗಳಲ್ಲೊಂದು, ಕೊಟ್ಟ ಸ್ಥಿತಿಯಲ್ಲಿ ರಾಣಿಗಳನ್ನು ವಿನಿಮಯ ಮಾಡಿಕೊಳ್ಳಬೇಕೇ ಬೇಡವೇ ಎಂಬುದು. ಈ ಪ್ರಶ್ನೆಯ ಸ್ವರೂಪವನ್ನೂ ಅದನ್ನು ಪರೀಕ್ಷಿಸುವ ಕ್ರಮವನ್ನೂ ಇಲ್ಲಿ ವಿವೇಚಿಸಲಾಗಿದೆ.

ವಿನಿಮಯದ ಸ್ವರೂಪ

ಕನ್ನಡದಲ್ಲಿ ಈ ಕಾಯನ್ನು ರಾಣಿ ಎಂದೂ ಮಂತ್ರಿ ಎಂದೂ ಕರೆಯುವ ರೂಢಿಯಿದೆ. ಮಂತ್ರಿ ಎಂಬ ಹೆಸರು ಹಳೆಯದು. ಪ್ರಾಚೀನ ಚತುರಂಗದಲ್ಲಿ ಮತ್ತು ಅದರಿಂದ ಬೆಳೆದ ಪಾರಸಿಕರ ಶತ್ರಂಜ್ ಆಟದಲ್ಲಿ ಮಂತ್ರಿಯು ಓರೆಯಾಗಿ ಒಂದೇ ಮನೆ ಚಲಿಸಬಲ್ಲ ದುರ್ಬಲ ಕಾಯಿಯಾಗಿತ್ತು. ಹದಿನೈದನೆಯ ಶತಮಾನದ ಕೊನೆಯ ಭಾಗದಲ್ಲಿ ಯೂರೋಪಿನಲ್ಲಿ ಅದಕ್ಕೆ ಇಂದಿನ ಬಲ ಬಂದಿತು. ಅಂದಿನಿಂದ ಈ ಕಾಯಿಯ ವಿನಿಮಯವು ಆಟದ ದಿಕ್ಕನ್ನೇ ಬದಲಿಸುವ ನಿರ್ಣಯವಾಗಿ ಪರಿಣಮಿಸಿತು.

ಲೆಕ್ಕದ ದೃಷ್ಟಿಯಿಂದ ನೋಡಿದರೆ ರಾಣಿ ವಿನಿಮಯದಿಂದ ಯಾರಿಗೂ ಲಾಭವಿಲ್ಲ, ನಷ್ಟವಿಲ್ಲ. ಎರಡೂ ಕಡೆಯಿಂದ ಒಂಬತ್ತು ಒಂಬತ್ತು ಅಂಕಗಳು ಕಳೆದುಹೋಗುತ್ತವೆ. ಆದರೆ ಫಲಕದ ಮೇಲೆ ಉಳಿಯುವ ಎಲ್ಲದರ ಬೆಲೆಯೂ ಆ ಕ್ಷಣದಲ್ಲಿ ಬದಲಾಗುತ್ತದೆ. ಅದುವರೆಗೆ ಮೂಲೆಯಲ್ಲಿ ಅಡಗಿರಬೇಕಾಗಿದ್ದ ರಾಜನು ನಡುಮನೆಗಳಿಗೆ ಬಂದು ಹೋರಾಡಬಲ್ಲವನಾಗುತ್ತಾನೆ. ಎದುರಾಳಿಯ ರಾಜನ ಮೇಲೆ ದಾಳಿ ಮಾಡುವ ಆಸೆ ಕ್ಷೀಣಿಸುತ್ತದೆ. ಒಂದೇ ಸಾಲಿನಲ್ಲಿ ಜೋಡಿಯಾಗಿ ನಿಂತ ಕಾಲಾಳುಗಳು, ಒಂಟಿಯಾಗಿ ಉಳಿದ ಕಾಲಾಳುಗಳು ಮೊದಲಾದ ಸಣ್ಣ ದೋಷಗಳು ದೀರ್ಘಕಾಲ ಕಾಡುವ ದೋಷಗಳಾಗುತ್ತವೆ. ಕಾಲಾಳೊಂದು ಕೊನೆಯ ಮನೆ ಮುಟ್ಟಿ ಬಡ್ತಿ ಪಡೆಯುವವರೆಗೆ ಈ ನಿರ್ಣಯವನ್ನು ಹಿಂದಕ್ಕೆ ಪಡೆಯುವಂತಿಲ್ಲ. ಬಲದಲ್ಲಿ ಮುಂದಿರುವವನು ವಿನಿಮಯ ಮಾಡಿಕೊಳ್ಳಲಿ, ಹಿಂದಿರುವವನು ತಪ್ಪಿಸಿಕೊಳ್ಳಲಿ ಎಂಬ ಹಿರಿಯರ ಸೂತ್ರ ಸ್ಥೂಲವಾಗಿ ಸರಿಯಾದುದೇ. ಆದರೆ ಅದಕ್ಕಿರುವ ಅಪವಾದಗಳು ಎಷ್ಟೆಂದರೆ, ಸೂತ್ರವನ್ನಷ್ಟೇ ನೆಚ್ಚಿ ಆಡುವವನು ಗೆದ್ದ ಆಟಗಳನ್ನು ಕೈಬಿಡುವುದುಂಟು.

ಮೌಲ್ಯಮಾಪನ ಸೂತ್ರದ ಇಕ್ಕಟ್ಟು

ಚದುರಂಗ ತಂತ್ರಾಂಶವು ಎರಡು ಕೆಲಸಗಳನ್ನು ಮಾಡುತ್ತದೆ. ಮೊದಲನೆಯದು ಶೋಧ, ಅಂದರೆ ಮುಂದಿನ ನಡೆಗಳನ್ನು ಒಂದಾದ ಮೇಲೊಂದರಂತೆ ಬಿಡಿಸಿ ನೋಡುವುದು. ಎರಡನೆಯದು ಮೌಲ್ಯಮಾಪನ, ಅಂದರೆ ಶೋಧವು ನಿಂತ ಸ್ಥಳದಲ್ಲಿ ಸ್ಥಿತಿಗೆ ಒಂದು ಸಂಖ್ಯೆಯನ್ನು ಕೊಡುವುದು. ಇವೆರಡರ ತಳಹದಿಯನ್ನು ಹಾಕಿದವರು ಅಮೆರಿಕದ ಗಣಿತಜ್ಞ ಕ್ಲಾಡ್ ಶ್ಯಾನನ್. 1950ರಲ್ಲಿ ಪ್ರಕಟವಾದ ಅವರ ಪ್ರಬಂಧದಲ್ಲಿ ರಾಣಿಗೆ 9, ಆನೆಗೆ 5, ಒಂಟೆಗೆ 3, ಕುದುರೆಗೆ 3, ಕಾಲಾಳಿಗೆ 1 ಎಂಬ ಬೆಲೆಗಳನ್ನು ಆಧರಿಸಿದ ಮಾದರಿ ಸೂತ್ರವೊಂದಿದೆ. ಇಂತಹ ಸೂತ್ರವನ್ನು ಕಾಯಿಗಳ ಹೊಡೆದಾಟ ನಿಂತು ಶಾಂತವಾದ ಸ್ಥಿತಿಗೆ ಮಾತ್ರ ಅನ್ವಯಿಸಬೇಕೆಂದು ಅವರು ಅಂದೇ ಎಚ್ಚರಿಸಿದ್ದರು. ರಾಣಿಯನ್ನು ಹೊಡೆದು, ಮರುಹೊಡೆತಕ್ಕೆ ಮುನ್ನ ಲೆಕ್ಕ ನಿಲ್ಲಿಸಿದರೆ ಒಂಬತ್ತು ಅಂಕಗಳ ಸುಳ್ಳು ಲಾಭ ಕಾಣುವುದು ಸಹಜ.

ಮರುಹೊಡೆತದವರೆಗೆ ಲೆಕ್ಕ ಮಾಡಿದರೂ ತೊಡಕು ತೀರುವುದಿಲ್ಲ. ರಾಜನು ಮೂಲೆಯಲ್ಲಿರುವುದು ಮಧ್ಯದಾಟದಲ್ಲಿ ಗುಣ, ಅಂತ್ಯದಾಟದಲ್ಲಿ ದೋಷ. ಆದ್ದರಿಂದ ತಂತ್ರಾಂಶ ರಚಿಸುವವರು ಪ್ರತಿಯೊಂದು ಅಂಶಕ್ಕೂ ಮಧ್ಯದಾಟದ ಬೆಲೆ, ಅಂತ್ಯದಾಟದ ಬೆಲೆ ಎಂದು ಎರಡು ಬೆಲೆಗಳನ್ನಿಟ್ಟು, ಫಲಕದ ಮೇಲೆ ಉಳಿದಿರುವ ಕಾಯಿಗಳಿಗೆ ಅನುಗುಣವಾಗಿ ಅವುಗಳನ್ನು ಬೆರೆಸುವ ಉಪಾಯವನ್ನು ಕಂಡುಕೊಂಡರು. 2005ರಲ್ಲಿ ಮೂಲಸಂಕೇತ ಸಹಿತ ಲಭ್ಯವಾಗಿದ್ದ ಫೇಬಿಯನ್ ಲೆಟೂಜಿ ಅವರ ಫ್ರೂಟ್ ತಂತ್ರಾಂಶದಲ್ಲಿ ಈ ಬೆರಕೆಯ ಲೆಕ್ಕ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ಪ್ರತಿ ರಾಣಿಗೆ 4, ಆನೆಗೆ 2, ಒಂಟೆಗೆ ಮತ್ತು ಕುದುರೆಗೆ ತಲಾ 1 ಎಂಬ ತೂಕವಿದ್ದು, ಆಟದ ಆರಂಭದಲ್ಲಿ ಒಟ್ಟು ತೂಕ 24 ಆಗುತ್ತದೆ. ರಾಣಿಗಳೆರಡೂ ಹೋದರೆ 8, ಅಂದರೆ ಮೂರನೆಯ ಒಂದು ಭಾಗ, ಒಮ್ಮೆಗೇ ಇಳಿಯುತ್ತದೆ. ಬೇರೆ ಯಾವ ವಿನಿಮಯವೂ ಮೌಲ್ಯಮಾಪನವನ್ನು ಒಂದೇ ಏಟಿಗೆ ಇಷ್ಟು ದೂರ ಸರಿಸಲಾರದು. ಎರಡು ಬೆಲೆಗಳಲ್ಲಿ ಯಾವುದೊಂದು ತಪ್ಪಾಗಿದ್ದರೂ ಅದು ಎದ್ದುಕಾಣುವುದು ಇಲ್ಲಿಯೇ. ರಾಣಿ ವಿನಿಮಯವು ಪರೀಕ್ಷೆಗೆ ಉತ್ತಮ ಒರೆಗಲ್ಲಾಗುವುದಕ್ಕೆ ಇದೇ ಕಾರಣ.

ಶೋಧಕ್ಕೂ ಒಂದು ಮಿತಿಯಿದೆ. ತಾನು ನೋಡಬಲ್ಲ ಆಳದ ಆಚೆಗಿರುವ ಘಟನೆ ಯಂತ್ರದ ಪಾಲಿಗೆ ಇಲ್ಲದಂತೆಯೇ. ಇದನ್ನು ಹ್ಯಾನ್ಸ್ ಬರ್ಲಿನರ್ ಅವರು 1970ರ ದಶಕದಲ್ಲಿ ಕ್ಷಿತಿಜ ಪರಿಣಾಮವೆಂದು ಕರೆದರು. ಒಂದು ಸರಳ ನಿದರ್ಶನವನ್ನು ನೋಡಬಹುದು. ರಾಣಿಗಳು ಹೋದ ಮೇಲೆ ಬಿಳಿಯ ರಾಜ ಇ5ರಲ್ಲಿ, ಬಿಳಿಯ ಕಾಲಾಳು ಇ4ರಲ್ಲಿ, ಕಪ್ಪು ರಾಜ ಇ7ರಲ್ಲಿ ಉಳಿದರೆಂದು ಭಾವಿಸೋಣ. ಕಾಯಿಗಳ ಲೆಕ್ಕದಲ್ಲಿ ಬಿಳಿಯು ಒಂದು ಕಾಲಾಳಿನಷ್ಟು ಮುಂದಿದೆ. ಆದರೆ ನಡೆಯುವ ಸರದಿ ಬಿಳಿಯದಾದರೆ ಆಟ ಡ್ರಾ, ಕಪ್ಪಿನದಾದರೆ ಬಿಳಿಗೆ ಗೆಲುವು. ಬಿಳಿಯು ಮೊದಲು ಹೊಡೆದು ಕಪ್ಪು ರಾಜನು ಇ7ರಲ್ಲಿ ಮರುಹೊಡೆದಿದ್ದರೆ ಸರದಿ ಬಿಳಿಗೆ ಬರುತ್ತದೆ. ಕಪ್ಪು ಮೊದಲು ಹೊಡೆದು ಬಿಳಿಯ ರಾಜನು ಇ5ರಲ್ಲಿ ಮರುಹೊಡೆದಿದ್ದರೆ ಸರದಿ ಕಪ್ಪಿಗೆ ಬರುತ್ತದೆ. ಹೀಗೆ ರಾಣಿಯನ್ನು ಮೊದಲು ಯಾರು ಹೊಡೆದರು ಎಂಬ ಒಂದೇ ಅಂಶದ ಮೇಲೆ ಫಲಿತಾಂಶ ನಿಂತಿದೆ. ಗೆಲ್ಲುವ ಸ್ಥಿತಿಯಲ್ಲಿಯೂ ಕಾಲಾಳು ಬಡ್ತಿ ಪಡೆಯಲು ಸುಮಾರು 14 ಅರ್ಧನಡೆಗಳು ಬೇಕು. ಅಷ್ಟು ಆಳವನ್ನು ಮುಟ್ಟದ, ಈ ಅಂತ್ಯದಾಟದ ಜ್ಞಾನವನ್ನು ಪ್ರತ್ಯೇಕವಾಗಿ ಪಡೆಯದ ಯಂತ್ರಕ್ಕೆ ಎರಡೂ ಸ್ಥಿತಿಗಳು ಒಂದೇ ಆಗಿ ಕಾಣುತ್ತವೆ.

ಬರ್ಲಿನ್ ರಕ್ಷಣೆಯ ನಿದರ್ಶನ

ಈ ವಿಷಯದಲ್ಲಿ ಯಂತ್ರ ಮತ್ತು ಮನುಷ್ಯರ ತಿಳಿವಳಿಕೆಗಳು ಮುಖಾಮುಖಿಯಾದ ಪ್ರಸಿದ್ಧ ಸಂದರ್ಭ 2000ದ ಲಂಡನ್ ವಿಶ್ವವಿಜೇತ ಪಂದ್ಯ. ಕ್ಯಾಸ್ಪರೋವ್ ಅವರ ವಿರುದ್ಧ ವ್ಲಾದಿಮಿರ್ ಕ್ರಾಮ್ನಿಕ್ ಅವರು ಕಪ್ಪು ಕಾಯಿಗಳೊಂದಿಗೆ ರೂಯ್ ಲೋಪೆಜ್ ಆರಂಭದ ಬರ್ಲಿನ್ ರಕ್ಷಣೆಯನ್ನು ಕೈಗೊಂಡರು. ಇದರ ಮುಖ್ಯ ಶಾಖೆಯಲ್ಲಿ ಎಂಟನೆಯ ನಡೆಯಲ್ಲಿಯೇ ಬಿಳಿಯ ರಾಣಿಯು ಡಿ8ರಲ್ಲಿರುವ ಕಪ್ಪು ರಾಣಿಯನ್ನು ಹೊಡೆಯುತ್ತದೆ, ಕಪ್ಪು ರಾಜನು ಮರುಹೊಡೆಯುತ್ತಾನೆ. ಮೇಲ್ನೋಟಕ್ಕೆ ಕಪ್ಪಿನ ಸ್ಥಿತಿ ಕುಂದಿದಂತೆ ಕಾಣುತ್ತದೆ. ರಾಜನು ಕ್ಯಾಸ್ಲಿಂಗ್ ಹಕ್ಕನ್ನು ಕಳೆದುಕೊಂಡು ನಡುವೆ ಸಿಲುಕಿದ್ದಾನೆ; ಸಿ ಸಾಲಿನಲ್ಲಿ ಕಾಲಾಳುಗಳು ಜೋಡಿಯಾಗಿವೆ. ಈ ಎರಡು ದೋಷಗಳನ್ನೂ ಎಣಿಸುತ್ತಿದ್ದ ಆ ಕಾಲದ ಅನೇಕ ತಂತ್ರಾಂಶಗಳು ಬಿಳಿಗೆ ಮೇಲುಗೈಯನ್ನು ತೋರಿಸುತ್ತಿದ್ದವು. ಆದರೆ ರಾಣಿಗಳಿಲ್ಲದ ಫಲಕದಲ್ಲಿ ನಡುವಿನ ರಾಜನಿಗೆ ಅಪಾಯ ಕಡಿಮೆ. ಕಪ್ಪಿಗೆ ಒಂಟೆಗಳ ಜೋಡಿಯೂ ಉಳಿದಿದೆ. ಪಂದ್ಯದ 1, 3, 9 ಮತ್ತು 13ನೆಯ ಆಟಗಳಲ್ಲಿ ಈ ರಕ್ಷಣೆಯನ್ನು ಬಳಸಲಾಯಿತು. ನಾಲ್ಕೂ ಡ್ರಾ ಆದವು. ಒಂದು ಆಟವನ್ನೂ ಗೆಲ್ಲಲಾಗದೆ ಕ್ಯಾಸ್ಪರೋವ್ 8.5–6.5ರಿಂದ ಪದವಿಯನ್ನು ಕಳೆದುಕೊಂಡರು.

ಈ ಸ್ಥಿತಿಯಲ್ಲಿ ಮತ್ತೊಂದು ಸೂಕ್ಷ್ಮವಿದೆ. ರಾಜನ ಪಕ್ಕದಲ್ಲಿ ಬಿಳಿಗೆ ಮೂರಕ್ಕೆ ನಾಲ್ಕು ಕಾಲಾಳುಗಳ ಬಹುಮತವಿದೆ. ರಾಣಿಯ ಪಕ್ಕದಲ್ಲಿ ಕಪ್ಪಿಗೂ ಅಂತಹದೇ ಬಹುಮತವಿದ್ದರೂ ಜೋಡಿ ಕಾಲಾಳುಗಳಿಂದಾಗಿ ಅದನ್ನು ಮುನ್ನಡೆಸಿ ಫಲ ಪಡೆಯುವುದು ಕಷ್ಟ. ಹಾಗಾಗಿ ಉಳಿದ ಕಾಯಿಗಳೆಲ್ಲ ವಿನಿಮಯವಾಗಿ ಕಾಲಾಳುಗಳ ಅಂತ್ಯದಾಟ ಬಂದರೆ ಅನುಕೂಲ ಬಿಳಿಗೆ. ರಾಣಿಗಳು ಹೋಗುವುದು ಕಪ್ಪಿಗೆ ಹಿತ, ಉಳಿದವು ಹೋಗುವುದು ಅಹಿತ. ವಿನಿಮಯ ಒಳ್ಳೆಯದೋ ಕೆಟ್ಟದೋ ಎಂಬ ಸಾಮಾನ್ಯ ಪ್ರಶ್ನೆಗೆ ಅರ್ಥವಿಲ್ಲ, ಯಾವ ಕಾಯಿ ಹೋಗಿ ಯಾವುದು ಉಳಿಯುತ್ತದೆ ಎಂಬುದೇ ಮುಖ್ಯ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ. ರಾಣಿಗಳಿಲ್ಲದ ಆಟ ನೀರಸವಾಗಿ ಡ್ರಾ ಆಗುತ್ತದೆಂಬ ನಂಬಿಕೆಯೂ ನಿಲ್ಲುವುದಿಲ್ಲ. 2014ರಲ್ಲಿ ಸೋಚಿಯಲ್ಲಿ ವಿಶ್ವನಾಥನ್ ಆನಂದ್ ಮತ್ತು ಮ್ಯಾಗ್ನಸ್ ಕಾರ್ಲ್‌ಸನ್ ನಡುವಿನ ವಿಶ್ವವಿಜೇತ ಪಂದ್ಯದ ನಿರ್ಣಾಯಕ ಹನ್ನೊಂದನೆಯ ಆಟವು ಇದೇ ಬರ್ಲಿನ್ ಅಂತ್ಯದಾಟವಾಗಿತ್ತು. ಅದನ್ನು ಬಿಳಿಯ ಕಡೆಯಿಂದ ಕಾರ್ಲ್‌ಸನ್ ಗೆದ್ದರು.

ಯಂತ್ರಗಳ ಈ ದೌರ್ಬಲ್ಯವನ್ನು ಕ್ರಾಮ್ನಿಕ್ ನೇರವಾಗಿ ಬಳಸಿಕೊಂಡುದೂ ಉಂಟು. 2002ರಲ್ಲಿ ಬಹರೇನ್‌ನಲ್ಲಿ ಡೀಪ್ ಫ್ರಿಟ್ಜ್ ತಂತ್ರಾಂಶದೊಡನೆ ನಡೆದ ಎಂಟು ಆಟಗಳ ಪಂದ್ಯದ ಮೊದಲ ಆಟದಲ್ಲಿ ಅವರು ಬರ್ಲಿನ್ ರಕ್ಷಣೆಯಿಂದ ಡ್ರಾ ಮಾಡಿಕೊಂಡರು. ಎರಡನೆಯ ಆಟದಲ್ಲಿ ಏಳನೆಯ ನಡೆಯಲ್ಲಿಯೇ ರಾಣಿಗಳು ಹೊರಬಿದ್ದವು, ಕ್ರಾಮ್ನಿಕ್ ಗೆದ್ದರು. ಪಂದ್ಯವು ಕೊನೆಗೆ 4–4ರಲ್ಲಿ ಸಮವಾಯಿತು. ಮನುಷ್ಯನ ದೌರ್ಬಲ್ಯ ಬೇರೆ ಬಗೆಯದು. 2006ರ ನವೆಂಬರಿನಲ್ಲಿ ಬಾನ್ ನಗರದಲ್ಲಿ ಅದೇ ತಂತ್ರಾಂಶದ ಹೊಸ ಆವೃತ್ತಿಯೊಡನೆ ಆಡಿದ ಪಂದ್ಯದ ಎರಡನೆಯ ಆಟದಲ್ಲಿ ಕ್ರಾಮ್ನಿಕ್ 34ನೆಯ ನಡೆಯಾಗಿ ತಮ್ಮ ರಾಣಿಯನ್ನು ಇ3ಕ್ಕೆ ತಂದು ವಿನಿಮಯವನ್ನು ಆಹ್ವಾನಿಸಿದರು. ಯಂತ್ರವು ವಿನಿಮಯಕ್ಕೆ ಬದಲಾಗಿ ಎಚ್7ರಲ್ಲಿ ರಾಣಿಯನ್ನಿಟ್ಟು ಒಂದೇ ನಡೆಯಲ್ಲಿ ಮಾತ್ ಮಾಡಿತು. ದೂರದ್ದನ್ನು ಸರಿಯಾಗಿ ಊಹಿಸಬಲ್ಲ ಮನುಷ್ಯನು ಹತ್ತಿರದ್ದನ್ನು ಕಾಣದೆ ಹೋದ. ಹತ್ತಿರದ್ದನ್ನು ಎಂದೂ ತಪ್ಪಿಸದ ಯಂತ್ರವು ದೂರದ್ದರಲ್ಲಿ ಎಡವುತ್ತಿತ್ತು.

ಪರೀಕ್ಷಾ ಮಾಲೆಗಳ ಪರಂಪರೆ

ತಂತ್ರಾಂಶಗಳನ್ನು ಸಿದ್ಧ ಸ್ಥಿತಿಗಳ ಮೂಲಕ ಪರೀಕ್ಷಿಸುವ ಪದ್ಧತಿ ಹಳೆಯದು. 1982ರಲ್ಲಿ ಪ್ರಕಟವಾದ ಇವಾನ್ ಬ್ರಾಟ್ಕೊ ಮತ್ತು ಡ್ಯಾನಿ ಕೋಪೆಕ್ ಅವರ ಮಾಲೆಯಲ್ಲಿ 24 ಸ್ಥಿತಿಗಳಿದ್ದವು. ಅವುಗಳಲ್ಲಿ ಕೆಲವು ಹೊಡೆದಾಟದ ಚಾತುರ್ಯವನ್ನೂ ಕೆಲವು ಕಾಲಾಳುಗಳ ರಚನೆಯ ಅರಿವನ್ನೂ ಅಳೆಯುತ್ತಿದ್ದವು. ಮುಂದೆ ಡ್ಯಾನ್ ಕಾರ್ಬಿಟ್ ಮತ್ತು ಸ್ವಾಮಿನಾಥನ್ ನಟರಾಜನ್ ಅವರು ಸಿದ್ಧಪಡಿಸಿದ ತಂತ್ರನೀತಿ ಪರೀಕ್ಷಾ ಮಾಲೆಯು 15 ವಿಷಯಗಳನ್ನು ಒಳಗೊಂಡಿದ್ದು, ಪ್ರತಿ ವಿಷಯಕ್ಕೂ 100 ಸ್ಥಿತಿಗಳಂತೆ ಒಟ್ಟು 1500 ಸ್ಥಿತಿಗಳಿವೆ. ಅತ್ಯುತ್ತಮ ನಡೆಗೆ 10 ಅಂಕ, ಅದಕ್ಕಿಂತ ಕೆಳಗಿನ ಒಪ್ಪತಕ್ಕ ನಡೆಗಳಿಗೆ ಕಡಿಮೆ ಅಂಕ. ಈ ಹದಿನೈದರಲ್ಲಿ ಮೂರು ವಿಷಯಗಳು ಪ್ರಸ್ತುತ ಪ್ರಶ್ನೆಗೆ ನೇರವಾಗಿ ಸಂಬಂಧಿಸಿವೆ: ಸರಳೀಕರಣವನ್ನು ಎದುರಾಳಿಯ ಮುಂದಿಡುವುದು, ಸರಳೀಕರಣ ಮಾಡುವುದು ಮತ್ತು ಉದ್ದೇಶವಿಲ್ಲದ ವಿನಿಮಯವನ್ನು ತಪ್ಪಿಸುವುದು. ಒಂದೇ ಮಾಲೆಯಲ್ಲಿ ವಿನಿಮಯದ ಪರವಾದ ಮತ್ತು ವಿರುದ್ಧವಾದ ಸ್ಥಿತಿಗಳೆರಡನ್ನೂ ಇರಿಸಿರುವುದು ಗಮನಾರ್ಹ. ಎಲ್ಲ ಪ್ರಶ್ನೆಗಳಿಗೂ ‘ಹೊಡೆ’ ಎಂಬುದೇ ಉತ್ತರವಾಗಿದ್ದರೆ, ಕುರುಡಾಗಿ ಹೊಡೆಯುವ ಯಂತ್ರವೂ ಪೂರ್ಣಾಂಕ ಪಡೆಯುತ್ತಿತ್ತು.

ಆದರೆ ಇಂತಹ ಮಾಲೆಗಳಿಗೆ ಎರಡು ಮಿತಿಗಳಿವೆ. ಉತ್ತರಗಳನ್ನು ನಿಗದಿಪಡಿಸಿದವರು ಮನುಷ್ಯರು ಅಥವಾ ಅಂದಿನ ಯಂತ್ರಗಳು. ಅವರ ತೀರ್ಪು ತಪ್ಪಾಗಿದ್ದರೆ ಸರಿಯಾದ ಉತ್ತರ ಕೊಟ್ಟ ಯಂತ್ರಕ್ಕೆ ಅಂಕ ಕಡಿಮೆಯಾಗುತ್ತದೆ. ಎರಡನೆಯದಾಗಿ, ನಡೆ ಸರಿಯಾಗಿದ್ದ ಮಾತ್ರಕ್ಕೆ ಕಾರಣವೂ ಸರಿಯೆನ್ನಲಾಗದು. ವಿನಿಮಯ ಮಾಡಿಕೊಳ್ಳದ ಯಂತ್ರವು ಅದನ್ನು ತಿರಸ್ಕರಿಸಿರಬಹುದು. ಎದುರಾಳಿಯೇ ಹೊಡೆಯಲಿ, ಮರುಹೊಡೆತದಿಂದ ತನ್ನ ಆನೆಗೆ ಒಳ್ಳೆಯ ಮನೆ ಸಿಗಲಿ ಎಂದು ಕಾಯುತ್ತಲೂ ಇರಬಹುದು. ಒಂದೇ ನಡೆಯನ್ನು ನೋಡಿ ಇವೆರಡನ್ನು ಪ್ರತ್ಯೇಕಿಸಲಾಗದು.

ಪರೀಕ್ಷೆಯ ಕ್ರಮ

ಆದುದರಿಂದ ವಿಶ್ವಾಸಾರ್ಹ ಪರೀಕ್ಷೆಯು ಉತ್ತರವನ್ನು ಕೇಳುವುದರ ಜೊತೆಗೆ ಎರಡು ದಾರಿಗಳನ್ನು ಹೋಲಿಸಬೇಕು. ಮೊದಲ ಹೆಜ್ಜೆ ಸ್ಥಿತಿಗಳನ್ನು ಜೋಡಿಯಾಗಿ ಆಯುವುದು. ಒಂದು ಕಾಲಾಳಿನ ಮನೆ ಅಥವಾ ನಡೆಯ ಸರದಿ ಮಾತ್ರ ಬೇರೆಯಾಗಿರುವ ಎರಡು ಸ್ಥಿತಿಗಳಲ್ಲಿ ಒಂದರಲ್ಲಿ ವಿನಿಮಯ ಸರಿ, ಇನ್ನೊಂದರಲ್ಲಿ ತಪ್ಪು ಎಂಬಂತಿರಬೇಕು. ಎರಡಕ್ಕೂ ಸರಿಯುತ್ತರ ಕೊಟ್ಟಾಗ ಮಾತ್ರ ಅಂಕ.

ಎರಡನೆಯ ಹೆಜ್ಜೆ ಸತ್ಯವನ್ನು ಹೊರಗಿನಿಂದ ಖಚಿತಪಡಿಸಿಕೊಳ್ಳುವುದು. ರಾಜರೂ ಸೇರಿದಂತೆ ಏಳು ಕಾಯಿಗಳವರೆಗಿನ ಸ್ಥಿತಿಗಳಿಗೆ ನಿಖರ ಫಲಿತಾಂಶ ನೀಡುವ ಕೋಷ್ಟಕಗಳು ಇಂದು ಲಭ್ಯವಿವೆ. ಸಿಜಿಜಿ ಎಂಬ ಹೆಸರಿನ ಕೋಷ್ಟಕಗಳು 2018ರಲ್ಲಿ ಏಳು ಕಾಯಿಗಳವರೆಗೆ ಪೂರ್ಣಗೊಂಡವು. ರಾಣಿಗಳೂ ಸೇರಿ ಏಳು ಕಾಯಿಗಳಿದ್ದರೆ ಎರಡೂ ದಾರಿಗಳ ಫಲಿತಾಂಶ ತಿಳಿಯುತ್ತದೆ. ಒಂಬತ್ತು ಕಾಯಿಗಳಿದ್ದರೆ ವಿನಿಮಯದ ನಂತರ ಏಳು ಉಳಿಯುವುದರಿಂದ ವಿನಿಮಯದ ದಾರಿ ಮಾತ್ರ ಖಚಿತ. ಇಂತಹ ಕಡೆ ಮೋಸಹೋಗುವುದು ಸುಲಭ. ಒಂಟೆ ಮತ್ತು ಅಂಚಿನ ಕಾಲಾಳು ಉಳಿಯುವಂತೆ ರಾಣಿಗಳನ್ನು ಹೊಡೆದರೆ ಲೆಕ್ಕದಲ್ಲಿ ನಾಲ್ಕು ಅಂಕಗಳ ಮುನ್ನಡೆ ಕಾಣುತ್ತದೆ. ಆದರೆ ಕಾಲಾಳು ಬಡ್ತಿ ಪಡೆಯುವ ಮೂಲೆಯ ಮನೆಯು ಒಂಟೆಯ ಬಣ್ಣದ್ದಲ್ಲದಿದ್ದು, ಎದುರಾಳಿಯ ರಾಜನು ಆ ಮೂಲೆಯನ್ನು ಸೇರಿಕೊಂಡರೆ ಆಟ ಡ್ರಾ. ಪರೀಕ್ಷೆಯ ವೇಳೆ ತಂತ್ರಾಂಶಕ್ಕೆ ಕೋಷ್ಟಕಗಳನ್ನು ಒದಗಿಸಬಾರದು. ಒದಗಿಸಿದರೆ, ಉತ್ತರ ಪುಸ್ತಕವನ್ನು ಕೈಗಿತ್ತು ವಿದ್ಯಾರ್ಥಿಯನ್ನು ಪರೀಕ್ಷಿಸಿದಂತಾಗುತ್ತದೆ.

ಮೂರನೆಯ ಹೆಜ್ಜೆ ಎರಡು ದಾರಿಗಳನ್ನೂ ಪ್ರತ್ಯೇಕವಾಗಿ ಶೋಧಿಸುವಂತೆ ತಂತ್ರಾಂಶವನ್ನು ಕಟ್ಟುಪಡಿಸುವುದು. 2000ದಲ್ಲಿ ರೂಪುಗೊಂಡು ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ ಯುಸಿಐ ಸಂವಹನ ನಿಯಮಾವಳಿಯಲ್ಲಿ, ನಿರ್ದಿಷ್ಟ ನಡೆಗಳನ್ನು ಮಾತ್ರ ಪರಿಶೀಲಿಸು ಎಂದು ಆದೇಶಿಸುವ ಅವಕಾಶವಿದೆ. ಒಮ್ಮೆ ವಿನಿಮಯದ ನಡೆಯನ್ನು ಮಾತ್ರ, ಮತ್ತೊಮ್ಮೆ ಅದನ್ನುಳಿದ ನಡೆಗಳನ್ನು ಮಾತ್ರ ಕೊಟ್ಟು, ಪ್ರತಿ ಆಳದಲ್ಲಿಯೂ ದೊರೆತ ಸಂಖ್ಯೆಯನ್ನು ದಾಖಲಿಸಬೇಕು. ಎರಡು ಶೋಧಗಳ ನಡುವೆ ಯಂತ್ರದ ನೆನಪನ್ನು ಅಳಿಸದಿದ್ದರೆ ಮೊದಲನೆಯದರ ಫಲ ಎರಡನೆಯದರಲ್ಲಿ ಬೆರೆಯುತ್ತದೆ. ಕಾಲದ ಬದಲು ಪರಿಶೀಲಿಸಿದ ಸ್ಥಿತಿಗಳ ಸಂಖ್ಯೆಯನ್ನು ಮಿತಿಯಾಗಿಟ್ಟು, ಒಂದೇ ಎಳೆಯಲ್ಲಿ ಶೋಧ ನಡೆಸಿದರೆ ಫಲಿತಾಂಶವನ್ನು ಬೇರೊಬ್ಬರು ಬೇರೊಂದು ಗಣಕದಲ್ಲಿಯೂ ಪುನಃ ಪಡೆಯಬಹುದು. ಅನೇಕ ಎಳೆಗಳಲ್ಲಿ ಏಕಕಾಲಕ್ಕೆ ನಡೆಯುವ ಶೋಧವು ಒಂದೇ ಸ್ಥಿತಿಗೆ ಬೇರೆಬೇರೆ ಸಲ ಬೇರೆಬೇರೆ ಉತ್ತರ ಕೊಡಬಲ್ಲದು. ಆಳ ಹೆಚ್ಚಿದಂತೆ ಎರಡು ದಾರಿಗಳ ಅಂತರ ಒಂದೇ ದಿಕ್ಕಿನಲ್ಲಿ ಸ್ಥಿರಗೊಂಡರೆ ಯಂತ್ರವು ವಿಷಯವನ್ನು ಗ್ರಹಿಸಿದೆಯೆಂದು ಭಾವಿಸಬಹುದು. ಉತ್ತರವು ಹಿಂದುಮುಂದಾಗುತ್ತಿದ್ದರೆ, ಕೊನೆಯಲ್ಲಿ ದೊರೆತ ಸರಿಯುತ್ತರ ಆಕಸ್ಮಿಕವಾಗಿರಬಹುದು.

ಕೋಷ್ಟಕಗಳ ವ್ಯಾಪ್ತಿಗೆ ಮೀರಿದ ಸ್ಥಿತಿಗಳಿಗೆ ನಾಲ್ಕನೆಯ ಹೆಜ್ಜೆ ಅಗತ್ಯ. ಎರಡೂ ದಾರಿಗಳಿಂದ ಆರಂಭಿಸಿ ಅನೇಕ ಆಟಗಳನ್ನು ಕೊನೆಯವರೆಗೆ ಆಡಿಸಿ ಫಲಿತಾಂಶಗಳನ್ನು ಹೋಲಿಸಬೇಕು. ಇಲ್ಲಿ ಸಂಖ್ಯಾಶಾಸ್ತ್ರದ ಎಚ್ಚರ ಬೇಕು. ಡ್ರಾಗಳಿಲ್ಲವೆಂದು ಇಟ್ಟುಕೊಂಡರೆ, ನೂರು ಆಟಗಳಲ್ಲಿ ದೊರೆತ ಶೇಕಡಾ 50ರ ಫಲಿತಾಂಶಕ್ಕೆ ಸುಮಾರು ಶೇಕಡಾ 10ರಷ್ಟು ಹೆಚ್ಚುಕಡಿಮೆಯ ಅನಿಶ್ಚಿತತೆ ಇರುತ್ತದೆ. ಅದನ್ನು ಶೇಕಡಾ 1ಕ್ಕೆ ಇಳಿಸಲು ಹತ್ತು ಸಾವಿರ ಆಟಗಳು ಬೇಕು. ಹತ್ತಿಪ್ಪತ್ತು ಆಟಗಳನ್ನು ಆಡಿಸಿ ವಿನಿಮಯ ಸರಿಯೆಂದೋ ತಪ್ಪೆಂದೋ ಸಾರುವುದು ಸಾಧುವಲ್ಲ. ಸ್ಟಾಕ್‌ಫಿಶ್ ತಂತ್ರಾಂಶದ ಬೆಳವಣಿಗೆಯಲ್ಲಿ 2013ರಿಂದ ಸ್ವಯಂಸೇವಕರ ಗಣಕಗಳಲ್ಲಿ ಸಾವಿರಾರು ಆಟಗಳನ್ನು ಆಡಿಸಿದ ನಂತರವೇ ಬದಲಾವಣೆಗಳನ್ನು ಒಪ್ಪುವ ಕ್ರಮ ಜಾರಿಗೆ ಬಂದುದರ ಹಿನ್ನೆಲೆ ಇದೇ.

ನರಜಾಲಗಳ ಕಾಲದಲ್ಲಿ

2017ರ ಡಿಸೆಂಬರಿನಲ್ಲಿ ಆಲ್ಫಾಜೀರೋ ಪ್ರಕಟವಾದ ಮೇಲೆ ಮೌಲ್ಯಮಾಪನದ ಸ್ವರೂಪವೇ ಬದಲಾಯಿತು. 2020ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾದ ಸ್ಟಾಕ್‌ಫಿಶ್ 12ರಲ್ಲಿ, ಜಪಾನಿನ ಶೋಗಿ ಆಟಕ್ಕಾಗಿ ಯು ನಾಸು ಅವರು ರೂಪಿಸಿದ್ದ ನರಜಾಲ ತಂತ್ರವನ್ನು ಅಳವಡಿಸಲಾಯಿತು. 2024ರ 16.1ನೆಯ ಆವೃತ್ತಿಯಲ್ಲಿ ಕೈಯಿಂದ ಬರೆದ ಮೌಲ್ಯಮಾಪನ ಸೂತ್ರವನ್ನು ಪೂರ್ಣವಾಗಿ ತೆಗೆದುಹಾಕಲಾಯಿತು. ಹಿಂದೆ ತಂತ್ರಾಂಶವು ರಾಣಿ ವಿನಿಮಯದಲ್ಲಿ ಎಡವಿದರೆ ಯಾವ ಬೆಲೆ ತಪ್ಪಾಗಿದೆಯೆಂದು ಸೂತ್ರವನ್ನು ತೆರೆದು ನೋಡಬಹುದಿತ್ತು. ನರಜಾಲದಲ್ಲಿ ಅಂತಹ ಸಾಲು ಇಲ್ಲ. ಅಸಂಖ್ಯ ಸ್ಥಿತಿಗಳಿಂದ ಕಲಿತ ತೂಕಗಳ ಸಮೂಹವಷ್ಟೇ ಇದೆ. ಯಂತ್ರಗಳ ಬಲ ಹೆಚ್ಚಿದೆ, ಆದರೆ ಕಾರಣವನ್ನು ಕೇಳಿ ತಿಳಿಯುವ ದಾರಿ ಮುಚ್ಚಿದೆ. ವರ್ತನೆಯಿಂದಲೇ ಅದನ್ನು ಅರಿಯಬೇಕಾಗಿರುವುದರಿಂದ, ಜೋಡಿ ಸ್ಥಿತಿಗಳ ಪರೀಕ್ಷೆ ಇಂದು ಹಿಂದಿಗಿಂತ ಹೆಚ್ಚು ಅಗತ್ಯವಾಗಿದೆ.

ಸಂಖ್ಯೆಯ ಅರ್ಥವೂ ಬದಲಾಗಿದೆ. 2022ರ ಡಿಸೆಂಬರಿನ ಸ್ಟಾಕ್‌ಫಿಶ್ 15.1ರಿಂದ +1.00 ಎಂದರೆ ಒಂದು ಕಾಲಾಳಿನ ಬೆಲೆಯಲ್ಲ. ಅಂತಹ ಸ್ಥಿತಿಯಿಂದ ತಂತ್ರಾಂಶವು ತನ್ನ ವಿರುದ್ಧ ತಾನೇ ಆಡಿದಾಗ ಗೆಲ್ಲುವ ಸಾಧ್ಯತೆ ಶೇಕಡಾ 50 ಎಂದು ಅರ್ಥ. ಆದ್ದರಿಂದ ಎರಡು ತಂತ್ರಾಂಶಗಳ ಸಂಖ್ಯೆಗಳನ್ನು ನೇರವಾಗಿ ಹೋಲಿಸುವಂತಿಲ್ಲ. ಒಂದೇ ತಂತ್ರಾಂಶದೊಳಗೆ ಎರಡು ದಾರಿಗಳ ಅಂತರವನ್ನು ಮಾತ್ರ ಹೋಲಿಸಬಹುದು.

ಉಪಸಂಹಾರ

ಈ ವಿವೇಚನೆಯಿಂದ ಕಲಿಕೆಗೆ ಸಂಬಂಧಿಸಿದ ಒಂದು ಮಾತು ಹೊರಡುತ್ತದೆ. ವಿನಿಮಯ ಮಾಡಿದರೂ 0.00, ಮಾಡದಿದ್ದರೂ 0.00 ಎಂದು ಯಂತ್ರವು ತೋರಿಸಿದಾಗ ಎರಡೂ ಒಂದೇ ಎಂದು ಕಲಿಯುವವರು ಭಾವಿಸುವುದು ಸಹಜ. ತಪ್ಪೇ ಮಾಡದ ಎರಡು ಯಂತ್ರಗಳ ನಡುವೆ ಅದು ನಿಜವೂ ಹೌದು. ಆದರೆ ಗಡಿಯಾರದ ಒತ್ತಡದಲ್ಲಿ ಆಡುವ ಬಾಲಕಿಯೊಬ್ಬಳಿಗೆ ಒಂದು ದಾರಿಯಲ್ಲಿ ಹತ್ತು ನಡೆಗಳು ಸುಲಭವಾಗಿ ಹೊಳೆಯಬಹುದು. ಇನ್ನೊಂದರಲ್ಲಿ ಪ್ರತಿ ಹೆಜ್ಜೆಗೂ ಒಂದೇ ಒಂದು ಸರಿಯಾದ ನಡೆ ಇರಬಹುದು. ಆ ವ್ಯತ್ಯಾಸವನ್ನು ಸಂಖ್ಯೆ ಹೇಳುವುದಿಲ್ಲ. ಅದನ್ನು ಹೇಳಬೇಕಾದವರು ತರಬೇತುದಾರರು.

ಹಾಗೆಂದು ಯಂತ್ರವನ್ನು ಅಪನಂಬಿಕೆಯಿಂದ ಕಾಣಬೇಕಾಗಿಲ್ಲ. ಬರ್ಲಿನ್ ಅಂತ್ಯದಾಟವನ್ನು ಹಿಂದೆ ತಪ್ಪಾಗಿ ತೂಗಿದ ತಂತ್ರಾಂಶಗಳ ಮುಂದಿನ ತಲೆಮಾರೇ, ಅಲ್ಲಿ ಕಪ್ಪು ಗಟ್ಟಿಯಾಗಿ ನಿಲ್ಲಬಲ್ಲುದೆಂಬ ಕ್ರಾಮ್ನಿಕ್ ಅವರ ತಿಳಿವಳಿಕೆಯನ್ನು ಸಮರ್ಥಿಸಿದೆ. ತೀರ್ಪನ್ನು ಒಪ್ಪುವ ಮುನ್ನ ಯಾವ ಆವೃತ್ತಿ, ಎಷ್ಟು ಸ್ಥಿತಿಗಳ ಶೋಧ, ಯಾವ ಎರಡು ದಾರಿಗಳ ಹೋಲಿಕೆ ಎಂಬುದನ್ನು ದಾಖಲಿಸಿಟ್ಟರೆ, ಮುಂದಿನವರು ಅದನ್ನು ತಿದ್ದಲು ಅವಕಾಶವಾಗುತ್ತದೆ. ಪರೀಕ್ಷೆಯ ಉತ್ತರಪಟ್ಟಿಯೂ ಪರೀಕ್ಷೆಗೆ ಒಳಪಡಬೇಕಾದುದೇ ಎಂಬ ಅರಿವು ಇದ್ದಷ್ಟು ಕಾಲ ರಾಣಿ ವಿನಿಮಯದಂತಹ ಪ್ರಶ್ನೆಗಳು ಯಂತ್ರಕ್ಕೂ ಮನುಷ್ಯನಿಗೂ ಸಮಾನವಾಗಿ ಪಾಠ ಹೇಳುತ್ತವೆ.